ಡೆಬಿಯನ್ 8ರ ಕಪ್ಪು ಪರದೆಯ ಮೇಲೆ ಡೆಸ್ಕ್‌ಟಾಪ್ ಕೂರಿಸಿದ ಕೆಲಸ

ಯಂತ್ರ, ಪೆಂಟಿಯಂ ಎಂ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್. 512 ಎಂಬಿ ರ‍್ಯಾಮ್, 40 ಜಿಬಿಯ ಐಡಿಇ ಡಿಸ್ಕ್, 1024×768 ಪರದೆ, ರೇಡಿಯಾನ್ ಮೊಬಿಲಿಟಿ 7500 ಗ್ರಾಫಿಕ್ಸ್. ಹಿಂಬದಿಯಲ್ಲಿ ಪ್ಯಾರಲಲ್ ಪೋರ್ಟ್ ಇದೆ. ಇದನ್ನು ಇನ್ನೂ ಗುಜರಿಗೆ ಹಾಕದಿರುವುದಕ್ಕೆ ಅದೊಂದೇ ಕಾರಣ. ಇಪ್ರಾಮ್ ಚಿಪ್‌ಗಳನ್ನು (ವಿದ್ಯುತ್ ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವ ಮೆಮೊರಿ ಚಿಪ್‌ಗಳು) ಓದಿ ಬರೆಯುವ ಉಪಕರಣವೊಂದು ಆ ಪೋರ್ಟಿಗೆ ಅಂಟಿಕೊಂಡಿದೆ. ಅದರ ತಂತ್ರಾಂಶದ ಮೂಲ ಸಂಕೇತ ಸಿಗುವುದಿಲ್ಲ. ಸಿಗುವುದು 32 ಬಿಟ್‌ಗೆ ಕಂಪೈಲ್ ಆದ ಫೈಲ್ ಮತ್ತು ಲಿನಕ್ಸಿನ ತಿರುಳಾದ ಕರ್ನಲ್‌ನ 3.16 ಆವೃತ್ತಿಗೆಂದೇ ಕಟ್ಟಿದ ಒಂದು ಮಾಡ್ಯೂಲ್ (ಕರ್ನಲ್‌ಗೆ ಜೋಡಿಸುವ ತುಣುಕು). ಆದ್ದರಿಂದ ಈ ಯಂತ್ರದಲ್ಲಿ ಇರುವುದೂ ಇರಬೇಕಾದದ್ದೂ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 8ನೇ ಆವೃತ್ತಿ, ಅಂದರೆ ಜೆಸ್ಸಿ.

ಇಷ್ಟು ಕಾಲ ಇದು ಪಠ್ಯ ಕನ್ಸೋಲ್‌ನಲ್ಲೇ ಓಡುತ್ತಿತ್ತು. ಚಿಪ್ಪಿಗೆ ಬರೆಯುವುದಕ್ಕೆ ಕಮಾಂಡ್ ಸಾಕು. ಆದರೆ ಎರಡು ಚಿಪ್‌ಗಳ ಒಳಗಿನ ಬೈಟ್‌ಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸುವ ಸೌಲಭ್ಯ ಆ ತಂತ್ರಾಂಶದ ಕಿಟಕಿ ರೂಪದಲ್ಲಿ ಮಾತ್ರ ಇದೆ. ಮೇಲಾಗಿ, ಇನ್ನು ಮುಂದೆ ಇದನ್ನು ಬಳಸಬೇಕಾದವರು ಕಮಾಂಡ್ ಸಾಲು ಕಂಡರೆ ಮಾರು ದೂರ ಸರಿಯುವವರು. ಹಾಗಾಗಿ ಡೆಸ್ಕ್‌ಟಾಪ್ ಬೇಕಾಯಿತು.

ಆಪರೇಟಿಂಗ್ ಸಿಸ್ಟಂ ಅನ್ನೇ ಮೇಲ್ದರ್ಜೆಗೆ ಏರಿಸಬಾರದೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ಕರ್ನಲ್ ಬದಲಾದರೆ ಆ ಮಾಡ್ಯೂಲ್ ಸತ್ತಂತೆ. ಹೊಸದರ ಹಿಂದೆ ಓಡುವುದಕ್ಕೂ ಒಂದು ಕೊನೆ ಬಂದಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ ಕೂಡ ಇಲ್ಲ. ಜೆಸ್ಸಿ ಬಿಡುಗಡೆಯಾದದ್ದು 2015ರ ಏಪ್ರಿಲ್ 25ರಂದು. ದೀರ್ಘಾವಧಿ ಬೆಂಬಲವೂ ಸೇರಿ ಅದರ ಭದ್ರತಾ ತಿದ್ದುಪಡಿಗಳು 2020ರ ಜೂನ್ 30ಕ್ಕೆ ಮುಗಿದವು. ಅಂದಮೇಲೆ ಈ ಯಂತ್ರ ಅಂತರ್ಜಾಲದ ಬೀದಿಯಲ್ಲಿ ಓಡಾಡುವಂತಿಲ್ಲ. ತಂತ್ರಾಂಶದ ಕಟ್ಟುಗಳಾದ ಪ್ಯಾಕೇಜ್‌ಗಳನ್ನು ತರುವುದಕ್ಕೆ ಮಾತ್ರ ಕೇಬಲ್ ಚುಚ್ಚುವುದು, ಕೆಲಸ ಮುಗಿದ ಕೂಡಲೇ ಕೀಳುವುದು. ಬ್ರೌಸರ್ ಹಾಕುವುದೇ ಇಲ್ಲ ಎಂದು ಮೊದಲೇ ತೀರ್ಮಾನಿಸಿದೆ.

ಇನ್ನೊಂದು ತೀರ್ಮಾನವೂ ಮೊದಲೇ ಆಗಿತ್ತು. ಡೆಬಿಯನ್‌ನಲ್ಲಿ ಒಂದೇ ಏಟಿಗೆ ಇಡೀ ಡೆಸ್ಕ್‌ಟಾಪ್ ಹಾಕಿಕೊಡುವ ಟಾಸ್ಕ್‌ಸೆಲ್ ಎಂಬ ಮೆನು ಇದೆ. ಹೊಸ ಯಂತ್ರಕ್ಕೆ ಅದೇ ಸರಿ. ಹಳೆಯ ಯಂತ್ರಕ್ಕೆ, ಹಳೆಯ ವ್ಯವಸ್ಥೆಗೆ, ಅದು ಬೇಡ. ಡೆಸ್ಕ್‌ಟಾಪ್ ಎಂದು ನಾವು ಕರೆಯುವುದು ಒಂದರ ಮೇಲೊಂದು ಕುಳಿತ ಪದರಗಳನ್ನು: ಕೆಳಗೆ ಕರ್ನಲ್‌ನ ಗ್ರಾಫಿಕ್ಸ್ ಚಾಲಕ, ಅದರ ಮೇಲೆ ಪರದೆಗೆ ಚಿತ್ರ ಬಿಡಿಸಿ ಕೀಬೋರ್ಡ್, ಮೌಸ್‌ಗಳನ್ನು ಕೇಳುವ ಎಕ್ಸ್ ಸರ್ವರ್, ಅದರ ಮೇಲೆ ಕಿಟಕಿಗಳನ್ನು ನಿಭಾಯಿಸುವ ವಿಂಡೋ ಮ್ಯಾನೇಜರ್, ಆಮೇಲೆ ಪ್ಯಾನೆಲ್ ಮತ್ತು ಸೆಷನ್, ಎಲ್ಲಕ್ಕೂ ಮುಂದೆ ಲಾಗಿನ್ ಪರದೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಮರುಚಾಲನೆ ಮಾಡಿದಾಗ ಪರದೆ ಕಪ್ಪಾಗಿಯೇ ಉಳಿದರೆ ಯಾವ ಪದರ ಕೈಕೊಟ್ಟಿತೆಂದು ಹುಡುಕುವುದರಲ್ಲಿ ದಿನ ಕಳೆಯುತ್ತದೆ. ಒಂದೊಂದೇ ಪದರ ಹಾಕಿ, ಅದು ನಿಂತಿದೆ ಎಂದು ಕಣ್ಣಾರೆ ಕಂಡ ಮೇಲೆ ಮುಂದಿನದು. ಈ ಕೆಲಸದ ಉದ್ದಕ್ಕೂ ಇದನ್ನೇ ಪಾಲಿಸಿದೆ.

ಆರಂಭಿಸುವ ಮೊದಲು ಡಿಸ್ಕನ್ನು ಕಳಚಿ, ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಇಡೀ ಡಿಸ್ಕಿನ ಪ್ರತಿಯನ್ನು ಒಂದು ಫೈಲ್ ಆಗಿ ತೆಗೆದಿಟ್ಟೆ. 40 ಜಿಬಿ ಈಗ ದೊಡ್ಡ ಗಾತ್ರವೇನಲ್ಲ. ಈ ಪ್ರತಿ ಇದ್ದರೆ ಮುಂದೆ ಏನು ಕೆಟ್ಟರೂ ಕೈಗೆ ನಡುಕ ಬರುವುದಿಲ್ಲ. ಹಾಗೆಯೇ ಕರ್ನಲ್ ಪ್ಯಾಕೇಜನ್ನು ಆಪ್ಟ್‌ಮಾರ್ಕ್ ಕಮಾಂಡ್ ಮೂಲಕ ಹೋಲ್ಡ್ ಮಾಡಿಟ್ಟೆ, ಅಂದರೆ ಬದಲಾಗದಂತೆ ತಡೆದಿಟ್ಟೆ. ಜೆಸ್ಸಿಯ ಕರ್ನಲ್ ಹೆಸರು 3.16.0-4 ಎಂದು ಶುರುವಾಗಿ ಭದ್ರತಾ ತಿದ್ದುಪಡಿಗಳೊಂದಿಗೆ ಕೊನೆಯ ಅಂಕೆ ಏರುತ್ತಾ ಹೋಗಿದೆ. ಆ ಅಂಕೆ ಏರಿತೆಂದರೆ ಹಳೆಯ ಮಾಡ್ಯೂಲ್ ಲೋಡ್ ಆಗುವುದಿಲ್ಲ.

ಕರ್ನಲ್ ಬಗ್ಗೆ ಇನ್ನೊಂದು ಮಾತು. ಪೆಂಟಿಯಂ ಎಂ ಸಾಲಿನ ಮೊದಲ ಪ್ರೊಸೆಸರ್‌ಗಳು ತಮ್ಮಲ್ಲಿ ಪಿಎಇ (4 ಜಿಬಿಗಿಂತ ಹೆಚ್ಚು ರ‍್ಯಾಮ್ ಬಳಸುವ ಸೌಲಭ್ಯ) ಇದೆ ಎಂದು ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಅವುಗಳ ಮೇಲೆ 686-ಪಿಎಇ ಕರ್ನಲ್ ಸುಮ್ಮನೆ ಹೊರಟರೆ ಆರಂಭದಲ್ಲೇ ನಿಂತುಬಿಡುತ್ತದೆ. ಫೋರ್ಸ್‌ಪಿಎಇ ಎಂಬ ಬೂಟ್ ಆಯ್ಕೆ ಕೊಟ್ಟು ಓಡಿಸುವವರಿದ್ದಾರೆ. ಜೆಸ್ಸಿಯಲ್ಲಿ 586 ಎಂಬ ಬೇರೆ ಕರ್ನಲ್ಲೇ ಇರುವುದರಿಂದ ಆ ಒತ್ತಾಯ ಬೇಕಿಲ್ಲ. ಇಲ್ಲಿ ಇರುವುದು ಅದೇ.

ಆಪ್ಟ್‌ನ ತಕರಾರುಗಳು

ಡೆಸ್ಕ್‌ಟಾಪ್ ಹಾಕುವುದಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಪ್ಯಾಕೇಜ್‌ಗಳನ್ನು ತರುವ ಕೆಲಸ. ಅದನ್ನು ಮಾಡುವ ಸಾಧನವೇ ಆಪ್ಟ್. ಜೆಸ್ಸಿಯ ಪ್ಯಾಕೇಜ್‌ಗಳು ಈಗ ಸಾಮಾನ್ಯ ಮಿರರ್‌ಗಳಲ್ಲಿ (ಪ್ರತಿ ಇಟ್ಟುಕೊಂಡ ತಾಣಗಳಲ್ಲಿ) ಇಲ್ಲ. ಇನ್‌ಸ್ಟಾಲ್ ಮಾಡಿದಾಗ ಬರೆದಿದ್ದ ವಿಳಾಸಗಳೆಲ್ಲ 404, ಅಂದರೆ ಇಲ್ಲಿಲ್ಲ, ಎನ್ನುತ್ತವೆ. ಹಳೆಯ ಆವೃತ್ತಿಗಳೆಲ್ಲ ಆರ್ಕೈವ್ ಡಾಟ್ ಡೆಬಿಯನ್ ಡಾಟ್ ಆರ್ಗ್ ಎಂಬ ತಾಣದಲ್ಲಿವೆ. ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಯಲ್ಲಿ ವಿಳಾಸ ಬದಲಿಸಿ, ಮೇನ್ ಎಂಬ ವಿಭಾಗದ ಪಕ್ಕದಲ್ಲಿ ಕಾಂಟ್ರಿಬ್ ಮತ್ತು ನಾನ್-ಫ್ರೀ ಎಂದೂ ಸೇರಿಸಿದೆ. ನಾನ್-ಫ್ರೀ ಏಕೆ ಬೇಕೆಂಬುದು ಮುಂದೆ ಬರುತ್ತದೆ. ಜೆಸ್ಸಿ-ಅಪ್‌ಡೇಟ್ಸ್ ಎಂಬ ಸಾಲನ್ನು ಅಳಿಸಿದೆ. 2018ರ ಜೂನ್‌ನಲ್ಲಿ ಬಂದ ಕೊನೆಯ ಪರಿಷ್ಕರಣೆ 8.11ರ ನಂತರ ಆ ಸಾಲಿಗೆ ಕೆಲಸವಿಲ್ಲ.

ವಿಳಾಸ ಎಚ್‌ಟಿಟಿಪಿ ಎಂದೇ ಶುರುವಾಗಬೇಕು. ಜೆಸ್ಸಿಯ ಆಪ್ಟ್‌ಗೆ ಎಚ್‌ಟಿಟಿಪಿಎಸ್ ಬರುವುದಿಲ್ಲ, ಅದಕ್ಕೆ ಬೇರೆ ಪ್ಯಾಕೇಜ್ ಬೇಕು. ಗಾಬರಿಯಾಗುವ ಅಗತ್ಯವಿಲ್ಲ. ಆಪ್ಟ್ ನಂಬುವುದು ದಾರಿಯನ್ನಲ್ಲ, ಸಹಿಯನ್ನು. ರಿಲೀಸ್ ಎಂಬ ಫೈಲ್‌ಗೆ ಡೆಬಿಯನ್‌ನ ಕೀಲಿಯಿಂದ ಸಹಿ ಬಿದ್ದಿರುತ್ತದೆ. ಆ ಫೈಲ್‌ನಲ್ಲಿ ಪ್ಯಾಕೇಜ್ ಪಟ್ಟಿಗಳ ಹ್ಯಾಶ್ (ಬೆರಳಚ್ಚಿನಂಥ ಸಂಖ್ಯೆ) ಇರುತ್ತದೆ, ಪಟ್ಟಿಗಳಲ್ಲಿ ಪ್ರತಿಯೊಂದು ಪ್ಯಾಕೇಜಿನ ಹ್ಯಾಶ್ ಇರುತ್ತದೆ. ಸರಪಳಿಯ ಮೊದಲ ಕೊಂಡಿ ಗಟ್ಟಿಯಾಗಿದ್ದರೆ ನಡುವೆ ಯಾರು ಕೈ ಹಾಕಿದರೂ ಸಿಕ್ಕಿಬೀಳುತ್ತಾರೆ.

ತೊಂದರೆ ಇರುವುದೇ ಆ ಮೊದಲ ಕೊಂಡಿಯಲ್ಲಿ. ಭದ್ರತಾ ಸಾಲಿನ ರಿಲೀಸ್ ಫೈಲ್‌ಗೆ ಇಂಥ ದಿನದವರೆಗೆ ಮಾತ್ರ ಮಾನ್ಯ ಎಂಬ ಗಡುವು ಇದೆ. ಗಡುವು ಎಂದೋ ಮುಗಿದಿರುವುದರಿಂದ ಆಪ್ಟ್ ಅದನ್ನು ಒಪ್ಪುವುದಿಲ್ಲ. ಹಳೆಯ ಪಟ್ಟಿಯನ್ನು ಹೊಸದೆಂದು ಯಾರೂ ನಂಬಿಸದಿರಲಿ ಎಂಬುದಕ್ಕೆ ಇರುವ ಕಾವಲು ಇದು. ಆದರೆ ನಮಗೆ ಬೇಕಿರುವುದೇ ಹಳೆಯ ಪಟ್ಟಿ. ಆಪ್ಟ್‌ನ ಸಂರಚನೆ ಫೋಲ್ಡರಿನಲ್ಲಿ ಒಂದು ಸಾಲಿನ ಫೈಲ್ ಬರೆದು ಚೆಕ್-ವ್ಯಾಲಿಡ್-ಅಂಟಿಲ್ ಎಂಬ ಆಯ್ಕೆಯನ್ನು ಫಾಲ್ಸ್ ಮಾಡಿದೆ. ಇದರಿಂದ ಕಳೆದುಕೊಳ್ಳುವುದು ಏನೂ ಇಲ್ಲ, ಏಕೆಂದರೆ ಜೆಸ್ಸಿಗೆ ಇನ್ನು ಹೊಸ ಪಟ್ಟಿ ಬರುವುದಿಲ್ಲ.

ಎರಡನೆಯ ತಕರಾರು ಹೆಚ್ಚು ಗಂಭೀರ. ಸಹಿ ಮಾಡಿದ ಕೀಲಿಗೇ ಅವಧಿ ಇದೆ, ಅದೂ ಮುಗಿದಿದೆ. ಜೆಸ್ಸಿಯ ಸ್ವಯಂಚಾಲಿತ ಸಹಿಯ ಕೀಲಿ 2022ರ ನವೆಂಬರ್‌ಗೆ ಕೊನೆಗೊಂಡಿತು. ಕೀಎಕ್ಸ್‌ಪೈರ್ಡ್ ಎಂಬ ಎಚ್ಚರಿಕೆಯ ಮುಂದೆ ಹತ್ತು ಅಂಕೆಯ ಸಂಖ್ಯೆಯೊಂದು ಕಾಣುತ್ತದೆ. ಅದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ದಿನಾಂಕಕ್ಕೆ ಪರಿವರ್ತಿಸಿದರೆ ಯಾವ ದಿನ ಕೀಲಿ ಸತ್ತಿತೆಂದು ತಿಳಿಯುತ್ತದೆ. ಇದಾದ ಮೇಲೆ ಏನನ್ನು ಹಾಕಲು ಹೋದರೂ ಈ ಪ್ಯಾಕೇಜ್‌ಗಳನ್ನು ದೃಢೀಕರಿಸಲು ಸಾಧ್ಯವಿಲ್ಲ ಎಂದು ಆಪ್ಟ್ ತಡೆಯುತ್ತದೆ.

ಇಂಥ ಕಡೆ ಹೆಚ್ಚಿನವರು ಕೊಡುವ ಸಲಹೆ, ಸೋರ್ಸಸ್ ಸಾಲಿನಲ್ಲಿ ಟ್ರಸ್ಟೆಡ್ ಎಂದು ಬರೆದುಬಿಡಿ, ಅಥವಾ ಒತ್ತಾಯದ ಆಯ್ಕೆ ಕೊಟ್ಟು ಹಾಕಿಬಿಡಿ ಎಂಬುದು. ಕೆಲಸ ಆಗುತ್ತದೆ, ನಿಜ. ಆದರೆ ಬೀಗ ತುಕ್ಕು ಹಿಡಿಯಿತೆಂದು ಬಾಗಿಲನ್ನೇ ಕಿತ್ತಿಟ್ಟಂತೆ ಅದು. ಸಹಿಯ ಪರೀಕ್ಷೆಯೇ ನಿಂತುಹೋದ ಮೇಲೆ, ಎಚ್‌ಟಿಟಿಪಿ ದಾರಿಯಲ್ಲಿ ಯಾರು ಏನು ಕೊಟ್ಟರೂ ಯಂತ್ರದ ಸಂಪೂರ್ಣ ಹಿಡಿತವಿರುವ ರೂಟ್ ಅಧಿಕಾರದಲ್ಲಿ ಒಳಗೆ ಬರುತ್ತದೆ.

ನಾನು ಹಿಡಿದದ್ದು ಬೇರೆ ದಾರಿ: ಯಂತ್ರದ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸುವುದು. ಸಹಿ ಸಾಚಾ ಆಗಿಯೇ ಇದೆ, ಕೀಲಿಯ ದಿನಾಂಕ ಮಾತ್ರ ಕಳೆದಿದೆ. ದಿನಾಂಕವನ್ನು 2022ರ ನಡುವಿನ ಒಂದು ದಿನಕ್ಕೆ ಇಟ್ಟರೆ ಕೀಲಿ ಆ ಯಂತ್ರದ ಕಣ್ಣಿಗೆ ಇನ್ನೂ ಜೀವಂತ. ಸಹಿಯ ಪರೀಕ್ಷೆ ಪೂರ್ತಿ ನಡೆಯುತ್ತದೆ, ಪಾಸೂ ಆಗುತ್ತದೆ. ತೀರಾ ಹಿಂದಕ್ಕೆ ಹೋಗುವಂತಿಲ್ಲ. ಸಹಿ ಬಿದ್ದ ದಿನಕ್ಕಿಂತ ಹಿಂದೆ ಹೋದರೆ ಭವಿಷ್ಯದಲ್ಲಿ ಮಾಡಿದ ಸಹಿ ಎಂದು ಇನ್ನೊಂದು ದೂರು ಶುರುವಾಗುತ್ತದೆ. ಅಂತರ್ಜಾಲದಿಂದ ಸಮಯ ಸರಿಪಡಿಸುವ ಸೇವೆ ಓಡುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಇಲ್ಲವಾದರೆ ಅರ್ಧದಲ್ಲಿ ಗಡಿಯಾರ ಮುಂದಕ್ಕೆ ಜಿಗಿಯುತ್ತದೆ. ಈ ಲ್ಯಾಪ್‌ಟಾಪಿನಲ್ಲಿ ಗಡಿಯಾರದ ಬ್ಯಾಟರಿಯೇ ಸತ್ತಿತ್ತು. ಪ್ರತಿ ಸಲ ಆರಿಸಿ ಹಚ್ಚಿದಾಗಲೂ ಕಾರ್ಖಾನೆಯಿಂದ ಬಂದ ದಿನಾಂಕಕ್ಕೆ ಹೋಗುತ್ತಿತ್ತು. ಅದನ್ನು ಬದಲಿಸಿದ ಮೇಲೆಯೇ ಈ ಆಟ ನಡೆದದ್ದು.

ಎಲ್ಲ ಪ್ಯಾಕೇಜ್‌ಗಳೂ ಬಂದ ಮೇಲೆ, ಮರುಚಾಲನೆಗೆ ಮೊದಲೇ, ದಿನಾಂಕವನ್ನು ಇಂದಿಗೆ ತರಬೇಕು. ಗಡಿಯಾರ ಹಿಂದೆ ಇರುವಾಗಲೇ ಯಂತ್ರ ಎದ್ದರೆ, ಡಿಸ್ಕ್ ಪರೀಕ್ಷೆಯ ಕಾರ್ಯಕ್ರಮವು ಫೈಲ್ ವ್ಯವಸ್ಥೆಯನ್ನು ಕೊನೆಯ ಬಾರಿ ತೆರೆದ ಸಮಯ ಭವಿಷ್ಯದಲ್ಲಿದೆ ಎಂದು ತಕರಾರು ತೆಗೆಯುತ್ತದೆ.

ಯಾವ ಡೆಸ್ಕ್‌ಟಾಪ್

ಜೆಸ್ಸಿಯ ಜೊತೆ ಬಂದ ಗ್ನೋಮ್ ಡೆಸ್ಕ್‌ಟಾಪ್ 3.14 ಆವೃತ್ತಿಯದು. ಅದರ ಶೆಲ್ ಎಲ್ಲವನ್ನೂ ಓಪನ್‌ಜಿಎಲ್ ಎಂಬ 3ಡಿ ಚಿತ್ರಣ ವ್ಯವಸ್ಥೆಯ ಮೂಲಕ ಬಿಡಿಸುತ್ತದೆ. ಈ ಗ್ರಾಫಿಕ್ಸ್ ಚಿಪ್‌ಗೆ ಆ ಶಕ್ತಿ ಇಲ್ಲ, 512 ಎಂಬಿ ರ‍್ಯಾಮಿಗೂ ಇಲ್ಲ. ಕೆಡಿಇ 4 ಸಾಲಿನದೂ ಅದೇ ಕಥೆ. ಉಳಿದದ್ದು ಎಲ್‌ಎಕ್ಸ್‌ಡಿಇ, ಮಾಟೆ ಮತ್ತು ಎಕ್ಸ್‌ಎಫ್‌ಸಿಇ. ಎಲ್‌ಎಕ್ಸ್‌ಡಿಇ ಎಲ್ಲಕ್ಕಿಂತ ಹಗುರ. ಆದರೂ ಎಕ್ಸ್‌ಎಫ್‌ಸಿಇ 4.10 ಆರಿಸಿಕೊಂಡೆ. ಸೆಟ್ಟಿಂಗ್‌ಗಳೆಲ್ಲ ಒಂದೇ ಕಿಟಕಿಯಲ್ಲಿ ಸಿಗುತ್ತವೆ, ಹೊಸಬರಿಗೆ ತೋರಿಸಿಕೊಡುವುದು ಸುಲಭ. ಇನ್ನೊಂದು ಕಾರಣ ಲೈಬ್ರರಿ. ಇಪ್ರಾಮ್ ತಂತ್ರಾಂಶಕ್ಕೆ ಬೇಕಿರುವುದು ಕಿಟಕಿ, ಗುಂಡಿಗಳನ್ನು ಬಿಡಿಸುವ ಜಿಟಿಕೆ 2 ಲೈಬ್ರರಿ. ಎಕ್ಸ್‌ಎಫ್‌ಸಿಇ ಪೂರ್ತಿಯಾಗಿ ಜಿಟಿಕೆ 3ಕ್ಕೆ ದಾಟಿದ್ದು 2019ರ ಆಗಸ್ಟ್‌ನಲ್ಲಿ ಬಂದ 4.14ರಲ್ಲಿ. 4.10 ಇನ್ನೂ ಜಿಟಿಕೆ 2ರ ಕಾಲದ್ದು. ಡೆಸ್ಕ್‌ಟಾಪ್ ಹಾಗೂ ತಂತ್ರಾಂಶ ಒಂದೇ ಲೈಬ್ರರಿ ಹಂಚಿಕೊಂಡರೆ ರ‍್ಯಾಮ್‌ನಲ್ಲಿ ಅದು ಒಂದೇ ಸಲ ಕೂರುತ್ತದೆ.

ಮೊದಲ ಪದರ: ಫರ್ಮ್‌ವೇರ್

ಕರ್ನಲ್ ಸಂದೇಶಗಳನ್ನು ತೆರೆದು ರೇಡಿಯಾನ್ ಎಂದು ಹುಡುಕಿದಾಗ, ಆರ್100 ಹೆಸರಿನ ಫರ್ಮ್‌ವೇರ್ (ಚಿಪ್‌ನೊಳಗೇ ಓಡುವ ತಂತ್ರಾಂಶ) ಫೈಲ್ ಸಿಗಲಿಲ್ಲ, ಜಿಪಿಯು ವೇಗವರ್ಧನೆಯನ್ನು ನಿಲ್ಲಿಸುತ್ತಿದ್ದೇನೆ ಎಂಬ ಸಾಲುಗಳು ಕಂಡವು. ಈ ಎಚ್ಚರಿಕೆಯನ್ನು ಕಡೆಗಣಿಸುವುದು ಸುಲಭ, ಏಕೆಂದರೆ ಪರದೆ ಚೆನ್ನಾಗಿಯೇ ಕಾಣುತ್ತದೆ. ಕನ್ಸೋಲ್ 1024×768ಕ್ಕೆ ಹೊಂದಿಕೊಳ್ಳುತ್ತದೆ, ಎಕ್ಸ್ ಕೂಡ ಏಳುತ್ತದೆ. ಆದರೆ ಚಿತ್ರ ಬಿಡಿಸುವ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಕಿಟಕಿ ಎಳೆದರೆ ಹಿಂದೆ ಕಲೆ ಉಳಿದಂತೆ ತೆವಳುತ್ತದೆ. ಆಗ ಯಂತ್ರ ಹಳೆಯದು, ಇಷ್ಟೇ ಇದರ ಯೋಗ್ಯತೆ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು.

ಆ ಫರ್ಮ್‌ವೇರ್ ಇರುವುದು ನಾನ್-ಫ್ರೀ ವಿಭಾಗದ ಫರ್ಮ್‌ವೇರ್-ಲಿನಕ್ಸ್-ನಾನ್‌ಫ್ರೀ ಪ್ಯಾಕೇಜಿನಲ್ಲಿ. ಅದನ್ನು ಹಾಕಿ, ಗಡಿಯಾರ ಸರಿಮಾಡಿ, ಮರುಚಾಲನೆ ಮಾಡಿದೆ. ದೂರಿನ ಸಾಲುಗಳು ಮಾಯವಾದವು.

ಎರಡನೆಯ ಪದರ: ಬರಿಯ ಎಕ್ಸ್

ಇಲ್ಲಿಂದ ಮುಂದೆ ಎಲ್ಲವನ್ನೂ ಶಿಫಾರಸು ಪ್ಯಾಕೇಜ್‌ಗಳು ಬೇಡ ಎಂಬ ಆಯ್ಕೆಯೊಂದಿಗೇ ಹಾಕಿದೆ. ಆಪ್ಟ್‌ನ ಸಾಮಾನ್ಯ ನಡವಳಿಕೆಯೆಂದರೆ ಕೇಳಿದ್ದರ ಜೊತೆಗೆ ಇದೂ ಇದ್ದರೆ ಚೆನ್ನ ಎನ್ನುವುದನ್ನೆಲ್ಲ ಹೊತ್ತು ತರುವುದು. ಅದನ್ನು ನಿಲ್ಲಿಸಿದರೆ ಜಾಗ, ರ‍್ಯಾಮ್ ಎರಡೂ ಉಳಿಯುತ್ತವೆ. ಬದಲಿಗೆ ಏನೇನು ಬೇಕೆಂದು ನಾವೇ ನೆನಪಿಟ್ಟು ಕೇಳಬೇಕು.

ಎಕ್ಸ್ ಸರ್ವರ್‌ನ ತಿರುಳು, ರೇಡಿಯಾನ್ ವಿಡಿಯೋ ಚಾಲಕ, ಎಕ್ಸ್‌ಇನಿಟ್, ಕಮಾಂಡ್ ಕಿಟಕಿಯಾದ ಎಕ್ಸ್‌ಟರ್ಮ್ ಇಷ್ಟನ್ನು ಕೇಳಿದೆ. ಅದರ ಜೊತೆಗೆ ಇನ್‌ಪುಟ್ ಚಾಲಕಗಳು: ಕೀಬೋರ್ಡ್ ಮತ್ತು ಮೌಸ್‌ಗೆ ಇವ್‌ಡೆವ್, ಟಚ್‌ಪ್ಯಾಡ್‌ಗೆ ಸಿನಾಪ್ಟಿಕ್ಸ್. ಇವ್‌ಡೆವ್ ಬಿಟ್ಟುಹೋದರೆ ಎಕ್ಸ್ ಸಲೀಸಾಗಿ ಏಳುತ್ತದೆ, ಚಿತ್ರವೂ ಬರುತ್ತದೆ, ಆದರೆ ಕೀಲಿ ಒತ್ತಿದರೆ ಕೇಳುವವರಿಲ್ಲ. ಪಠ್ಯ ಕನ್ಸೋಲಿಗೆ ಮರಳುವ ಕೀಲಿ ಸಂಯೋಜನೆಯೂ ಎಕ್ಸ್ ಮೂಲಕವೇ ಹೋಗಬೇಕಾದ್ದರಿಂದ ಅದೂ ನಡೆಯುವುದಿಲ್ಲ. ಆಲ್ಟ್, ಸಿಸ್‌ರೆಕ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಕೀಬೋರ್ಡನ್ನು ಎಕ್ಸ್ ಕೈಯಿಂದ ಕಿತ್ತುಕೊಳ್ಳಬಹುದು. ಅದಕ್ಕಿಂತ ಒಳ್ಳೆಯದು, ಎಕ್ಸ್ ಎಬ್ಬಿಸುವ ಮೊದಲೇ ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ದಾರಿ) ಮೂಲಕ ಒಳಬಂದು ಕಾದಿರುವುದು. ಪರದೆ ಏನೇ ಆಟವಾಡಿದರೂ ಆ ಕಿಟಕಿಯಿಂದ ಎಕ್ಸನ್ನು ಕೊಂದು ಹೊರಬರಬಹುದು.

ಎಸ್‌ಎಸ್‌ಎಚ್ ಕಿಟಕಿಯಿಂದಲೇ ಎಕ್ಸ್ ಎಬ್ಬಿಸಲು ಮಾತ್ರ ಹೋಗಬಾರದು. ನಿಮಗೆ ಅಧಿಕಾರವಿಲ್ಲ ಎಂಬ ಉತ್ತರ ಬರುತ್ತದೆ. ಕನ್ಸೋಲ್ ಮುಂದೆ ಕುಳಿತವರಿಗಷ್ಟೇ ಅನುಮತಿ ಎಂದು ಡೆಬಿಯನ್‌ನ ಎಕ್ಸ್‌ರ‍್ಯಾಪರ್ ಸಂರಚನೆ ಹೇಳುತ್ತದೆ. ಆ ನಿಯಮ ಸರಿಯಾಗಿಯೇ ಇದೆ, ಬದಲಿಸುವ ಅಗತ್ಯವಿಲ್ಲ.

ಎಕ್ಸ್ ಎಂಬ ಕಮಾಂಡನ್ನು ಒಂಟಿಯಾಗಿ ಓಡಿಸಿ ನೋಡುವವರಿಗೆ ಒಂದು ಎಚ್ಚರಿಕೆ. ಪರದೆ ಪೂರ್ತಿ ಕಪ್ಪಾಗುತ್ತದೆ, ಮೌಸ್ ಗುರುತೂ ಕಾಣುವುದಿಲ್ಲ. ಕೆಟ್ಟುಹೋಯಿತೆಂದು ಅನಿಸುವುದು ಸಹಜ. ಆದರೆ ಅದು ಕೆಟ್ಟದ್ದಲ್ಲ. ಯಾವ ಕಾರ್ಯಕ್ರಮವೂ ಜೋಡಣೆಯಾಗದ ಎಕ್ಸ್ ಸರ್ವರ್ ಈಗಿನ ದಿನಗಳಲ್ಲಿ ಕಾಣುವುದೇ ಹಾಗೆ. ಹಳೆಯ ಕಾಲದಲ್ಲಿ ಬೂದು ಚುಕ್ಕೆಗಳ ಹಿನ್ನೆಲೆ, ನಡುವೆ ಎಕ್ಸ್ ಅಕ್ಷರದಾಕಾರದ ಮೌಸ್ ಗುರುತು ಬರುತ್ತಿತ್ತು. ಅದನ್ನು ನೋಡಲೇಬೇಕೆಂದರೆ ರೆಟ್ರೋ ಎಂಬ ಆಯ್ಕೆ ಕೊಡಬೇಕು. ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಒತ್ತಿ ಎಕ್ಸನ್ನು ಮುಗಿಸುವ ಹಳೆಯ ಅಭ್ಯಾಸವೂ ಈಗ ತಾನಾಗಿ ಕೆಲಸ ಮಾಡುವುದಿಲ್ಲ. ಕಂಟ್ರೋಲ್, ಆಲ್ಟ್, ಎಫ್1 ಒತ್ತಿ ಹಿಂದಿರುಗಬೇಕು.

ಆದ್ದರಿಂದ ಎಕ್ಸ್‌ಇನಿಟ್ ಓಡಿಸುವುದು ಮೇಲು. ಅದು ಸರ್ವರ್ ಎಬ್ಬಿಸಿ ಎಡಮೂಲೆಯಲ್ಲಿ ಒಂದು ಎಕ್ಸ್‌ಟರ್ಮ್ ತೆರೆಯುತ್ತದೆ. ಅಂಚಿಲ್ಲ, ಶೀರ್ಷಿಕೆ ಪಟ್ಟಿ ಇಲ್ಲ, ಎಳೆಯಲು ಬರುವುದಿಲ್ಲ. ಮೌಸ್ ಗುರುತು ಅದರ ಮೇಲಿದ್ದಾಗ ಮಾತ್ರ ಟೈಪ್ ಮಾಡಿದ್ದು ಮೂಡುತ್ತದೆ. ಇಷ್ಟು ಬಂದರೆ ಎರಡನೆಯ ಪದರ ನಿಂತಂತೆ. ವಾರ್ ಅಡಿಯ ಲಾಗ್ ಫೋಲ್ಡರಿನಲ್ಲಿ ಎಕ್ಸ್‌ಆರ್ಗ್‌ನ ದಾಖಲೆ ತೆರೆದು, ಇಇ ಎಂಬ ಗುರುತಿನ ಸಾಲುಗಳಿವೆಯೇ ನೋಡಿದೆ. ಡಬ್ಲ್ಯುಡಬ್ಲ್ಯು ಗುರುತಿನವು ಎಚ್ಚರಿಕೆಗಳು, ಬಹುಪಾಲು ಇಲ್ಲದ ಫಾಂಟ್ ಫೋಲ್ಡರುಗಳ ಬಗ್ಗೆ. ಅವುಗಳ ಹಿಂದೆ ಬೀಳಬೇಕಿಲ್ಲ. ಫರ್ಮ್‌ವೇರ್ ಇಲ್ಲದೆ ಓಡಿಸಿದ್ದರೆ ದಾಖಲೆಯಲ್ಲಿ, ವೇಗವರ್ಧನೆ ಇಲ್ಲದ ಕಾರಣ ಶ್ಯಾಡೋ ಫ್ರೇಮ್‌ಬಫರ್ ಬಳಸುತ್ತಿದ್ದೇನೆ ಎಂಬ ಸಾಲಿರುತ್ತಿತ್ತು. ಇಲ್ಲಿ ಅದು ಇಲ್ಲ. ನನಗೆ ಬೇಕಿದ್ದ ಸಾಕ್ಷಿ ಅದೇ.

ಎಕ್ಸ್‌ಆರ್ಗ್ ಕಾನ್ಫ್ ಎಂಬ ಫೈಲನ್ನು ಬರೆಯಲೇ ಇಲ್ಲ. ಪರದೆಯ ಆವರ್ತನ, ಮೋಡ್‌ಲೈನ್ ಎಂದೆಲ್ಲ ಕೈಯಾರೆ ತುಂಬಿಸುವ ಹಳೆಯ ಕೈಪಿಡಿಗಳು ಇನ್ನೂ ಚಾಲ್ತಿಯಲ್ಲಿವೆ. ಜೆಸ್ಸಿಯ ಎಕ್ಸ್ ಸರ್ವರ್ 1.16 ಆವೃತ್ತಿಯದು. ಪರದೆಯನ್ನು ಅದೇ ಕೇಳಿ ತಿಳಿದುಕೊಳ್ಳುತ್ತದೆ. ಅರ್ಧಂಬರ್ಧ ತುಂಬಿದ ಫೈಲ್ ಕೊಟ್ಟರೆ ಸರಿಯಾಗಿದ್ದದ್ದೂ ಕೆಡುತ್ತದೆ. ಟಚ್‌ಪ್ಯಾಡ್ ತಟ್ಟಿದರೆ ಕ್ಲಿಕ್ ಆಗಲಿ ಎಂಬುದಕ್ಕೆ ಮಾತ್ರ ಕೆಲವೇ ಸಾಲಿನ ಒಂದು ಪ್ರತ್ಯೇಕ ಫೈಲ್ ಬರೆದೆ. ಪ್ಯಾಡ್‌ಗೆ ನಿಜವಾದ ಗುಂಡಿಗಳಿದ್ದರೆ ಸಿನಾಪ್ಟಿಕ್ಸ್ ಚಾಲಕ ತಟ್ಟುವಿಕೆಯನ್ನು ತಾನಾಗಿ ಆರಿಸಿಡುತ್ತದೆ.

ಮೇಲಿನ ಪದರಗಳು

ಎಕ್ಸ್‌ಎಫ್‌ಸಿಇಯ ವಿಂಡೋ ಮ್ಯಾನೇಜರ್ ಎಕ್ಸ್‌ಎಫ್‌ಡಬ್ಲ್ಯುಎಂ4. ಅದನ್ನು ಮೊದಲು ಹಾಕಿ, ಬರಿಯ ಎಕ್ಸ್‌ಟರ್ಮ್ ಒಳಗಿಂದ ಕೈಯಾರೆ ಓಡಿಸಿದೆ. ಆ ಕ್ಷಣವೇ ಕಿಟಕಿಗೆ ಅಂಚು, ಗುಂಡಿಗಳು ಮೂಡಿದವು, ಎಳೆದರೆ ಚಲಿಸಿತು, ಕಲೆ ಉಳಿಯಲಿಲ್ಲ. ಯಾವುದರ ಕೆಲಸ ಯಾವುದೆಂದು ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣಲು ಸಿಗುವುದಿಲ್ಲ. ಅದರ ಸೆಟ್ಟಿಂಗ್‌ಗಳಲ್ಲಿ ಕಾಂಪೋಸಿಟಿಂಗ್ ಆಯ್ಕೆ ಆರಿದೆಯೇ ಎಂದು ಖಾತ್ರಿ ಮಾಡಿಕೊಂಡೆ. ನೆರಳು, ಪಾರದರ್ಶಕತೆ ಈ ಯಂತ್ರಕ್ಕೆ ಶೋಕಿ.

ಆಮೇಲೆ ಉಳಿದ ಎಕ್ಸ್‌ಎಫ್‌ಸಿಇ: ಪ್ಯಾನೆಲ್, ಸೆಷನ್, ಸೆಟ್ಟಿಂಗ್ಸ್, ಥೂನಾರ್ ಫೈಲ್ ಮ್ಯಾನೇಜರ್, ಟರ್ಮಿನಲ್. ಸ್ಟಾರ್ಟ್‌ಎಕ್ಸ್ ಕೊಟ್ಟಾಗ ಮೊದಲ ಬಾರಿಗೆ ಪ್ಯಾನೆಲ್ ಹೇಗಿರಲಿ ಎಂಬ ಪ್ರಶ್ನೆ ಬರುತ್ತದೆ. ಡೀಫಾಲ್ಟ್ ಎಂದೇ ಒಪ್ಪಿದೆ. ಖಾಲಿ ಪ್ಯಾನೆಲ್ ಆರಿಸಿದವರು ಮೆನುವನ್ನೂ ತಾವೇ ಜೋಡಿಸಿಕೊಳ್ಳಬೇಕು.

ಶಿಫಾರಸುಗಳನ್ನು ಬಿಟ್ಟುಬಿಟ್ಟದ್ದರ ಬೆಲೆ ಇಲ್ಲಿ ಕಾಣಿಸಿತು. ಐಕಾನ್‌ಗಳ ಜಾಗದಲ್ಲಿ ಒಡೆದ ಚೌಕಗಳು. ಟ್ಯಾಂಗೋ ಐಕಾನ್ ಥೀಮ್ ಹಾಕಿದ ಮೇಲೆ ಸರಿಯಾಯಿತು. ಹೊರಹೋಗುವ ಕಿಟಕಿಯಲ್ಲಿ ಶಟ್‌ಡೌನ್ ಗುಂಡಿ ಮಂಕಾಗಿ, ಒತ್ತಲು ಬಾರದಂತೆ ಇತ್ತು. ಸಾಮಾನ್ಯ ಬಳಕೆದಾರ ಯಂತ್ರ ಆರಿಸಬಹುದೇ ಎಂದು ತೀರ್ಮಾನಿಸುವುದು ಪಾಲಿಸಿಕಿಟ್. ನೀವು ಯಂತ್ರದ ಮುಂದೆಯೇ ಕುಳಿತಿದ್ದೀರಿ ಎಂದು ಅದಕ್ಕೆ ತಿಳಿಸುವುದು ಯಂತ್ರದ ಸೇವೆಗಳನ್ನೆಲ್ಲ ಎಬ್ಬಿಸಿ ನಡೆಸುವ ಸಿಸ್ಟಂಡಿಯ ಲಾಗಿನ್ ಸೇವೆ, ಲಾಗಿನ್ ಪರೀಕ್ಷಿಸುವ ಪ್ಯಾಮ್ ಮೂಲಕ. ಈ ಎರಡು ಕೊಂಡಿಗಳನ್ನೂ ಹಾಕಿ, ಮತ್ತೆ ಲಾಗಿನ್ ಆದಾಗ ಗುಂಡಿಗೆ ಜೀವ ಬಂತು. ಯುಎಸ್‌ಬಿ ಡ್ರೈವ್ ಚುಚ್ಚಿದರೆ ತೆರೆದುಕೊಳ್ಳಲು ಜಿವಿಎಫ್‌ಎಸ್, ಯುಡಿಸ್ಕ್ಸ್ ಮತ್ತು ಥೂನಾರ್‌ನ ವಾಲ್ಯೂಮ್ ಮ್ಯಾನೇಜರ್ ಬೇಕು. ಇವನ್ನು ಸೇರಿಸಿಯೂ, ಲಾಗಿನ್ ಆದ ನಂತರ ಬಳಕೆಯಾಗುತ್ತಿದ್ದ ರ‍್ಯಾಮ್ ಸುಮಾರು 100 ಎಂಬಿಯ ಆಸುಪಾಸಿನಲ್ಲೇ ಇತ್ತು.

ಕನ್ನಡದ ವಿಷಯ. ಪಠ್ಯ ಕನ್ಸೋಲಿನಲ್ಲಿ ಕನ್ನಡ ಹೆಸರಿನ ಫೈಲ್‌ಗಳು ಬರೀ ಚೌಕಗಳಾಗಿ ಕಾಣುತ್ತಿದ್ದವು. ಲಿನಕ್ಸ್ ಕನ್ಸೋಲ್ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳು ಹಿಡಿಸುತ್ತವೆ, ಒತ್ತಕ್ಷರ ಜೋಡಿಸುವ ಏರ್ಪಾಡಂತೂ ಇಲ್ಲವೇ ಇಲ್ಲ. ಡೆಸ್ಕ್‌ಟಾಪಿನಲ್ಲಿ ಲೋಹಿತ್ ಕನ್ನಡ ಫಾಂಟ್ ಹಾಕಿದ ಮೇಲೆ ಥೂನಾರ್‌ನಲ್ಲಿ ಹೆಸರುಗಳು ಸರಿಯಾಗಿ ಬಂದವು. ಆದರೆ ಟರ್ಮಿನಲ್ ಕಿಟಕಿಯೊಳಗೆ ಗುಣಿತಾಕ್ಷರಗಳು ಇನ್ನೂ ಚದುರುತ್ತವೆ. ಪ್ರತಿ ಅಕ್ಷರವನ್ನೂ ಸಮ ಅಗಲದ ಮನೆಯಲ್ಲಿ ಕೂರಿಸುವ ಅದರ ಲೆಕ್ಕಾಚಾರಕ್ಕೆ ನಮ್ಮ ಲಿಪಿ ಒಗ್ಗುವುದಿಲ್ಲ. ಕನ್ನಡ ಟೈಪ್ ಮಾಡುವ ಅಗತ್ಯ ಈ ಯಂತ್ರದಲ್ಲಿ ಇಲ್ಲದ್ದರಿಂದ ಅದಕ್ಕೆ ಬೇಕಾಗುವ ಐಬಸ್ ಹಾಕಲಿಲ್ಲ.

ಕೊನೆಗೆ ಲಾಗಿನ್ ಪರದೆ: ಲೈಟ್‌ಡಿಎಂ ಮತ್ತು ಅದರ ಜಿಟಿಕೆ ಗ್ರೀಟರ್. ಡೆಬಿಯನ್‌ನಲ್ಲಿ ಇದು ಬಳಕೆದಾರರ ಪಟ್ಟಿ ತೋರಿಸುವುದಿಲ್ಲ, ಹೆಸರನ್ನು ಟೈಪ್ ಮಾಡಬೇಕು. ಬಳಸುವವರ ಅನುಕೂಲಕ್ಕೆ ಸಂರಚನೆಯಲ್ಲಿ ಆ ಮರೆಯನ್ನು ತೆಗೆದೆ. ಪಾಸ್‌ವರ್ಡ್ ಕೊಟ್ಟರೂ ಮತ್ತೆ ಮತ್ತೆ ಲಾಗಿನ್ ಪರದೆಗೇ ಮರಳುವ ಕಾಯಿಲೆ ಯಾರಿಗಾದರೂ ಕಂಡರೆ, ಮನೆ ಫೋಲ್ಡರಿನ ಎಕ್ಸ್‌ಅಥಾರಿಟಿ ಮತ್ತು ಐಸ್‌ಅಥಾರಿಟಿ ಎಂಬ ಅಡಗಿದ ಫೈಲ್‌ಗಳು ಯಾರ ಹೆಸರಿನಲ್ಲಿವೆ ನೋಡಿ. ಸೂಡು ಹಾಕಿ ಸ್ಟಾರ್ಟ್‌ಎಕ್ಸ್ ಓಡಿಸಿದ ಯಂತ್ರಗಳಲ್ಲಿ ಅವು ರೂಟ್ ಹೆಸರಿಗೆ ಹೋಗಿರುತ್ತವೆ. ಡಿಸ್ಕ್ ತುಂಬಿದ್ದರೂ ಇದೇ ಲಕ್ಷಣ.

ಲೈಟ್‌ಡಿಎಂ ಒಳಗಿದ್ದರೂ ಯಂತ್ರ ಪಠ್ಯ ಕನ್ಸೋಲಿಗೇ ಏಳುವಂತೆ ಸಿಸ್ಟಂಡಿಯ ಡೀಫಾಲ್ಟ್ ಟಾರ್ಗೆಟ್ ಅನ್ನು ಮಲ್ಟಿಯೂಸರ್ ಆಗಿ ಇಟ್ಟು, ಕೈಯಾರೆ ಸೇವೆ ಆರಂಭಿಸಿ, ಹಲವು ಬಾರಿ ಒಳಹೊರಗೆ ಹೋಗಿಬಂದು ನೋಡಿದೆ. ಎಲ್ಲ ಸರಿಯಾಗಿದೆ ಎಂದಾದ ಮೇಲೆಯೇ ಗ್ರಾಫಿಕಲ್ ಟಾರ್ಗೆಟ್‌ಗೆ ಬದಲಿಸಿದೆ.

ಇಪ್ರಾಮ್ ತಂತ್ರಾಂಶ

ಬಳಕೆದಾರರ ಖಾತೆಯನ್ನು ಎಲ್‌ಪಿ ಗುಂಪಿಗೆ ಸೇರಿಸಿದೆ. ಪ್ಯಾರಲಲ್ ಪೋರ್ಟಿನ ಸಾಧನ ಫೈಲ್ ಆ ಗುಂಪಿನದು, ಸೇರಿಸದಿದ್ದರೆ ರೂಟ್ ಆಗಿ ಓಡಿಸಬೇಕಾಗುತ್ತಿತ್ತು. ಕಿಟಕಿ ಮೊದಲ ಬಾರಿಗೆ ತೆರೆಯಿತು. ಎಡಕ್ಕೊಂದು ಚಿಪ್, ಬಲಕ್ಕೊಂದು ಚಿಪ್, ವ್ಯತ್ಯಾಸವಿದ್ದ ಬೈಟ್‌ಗಳು ಕೆಂಪಾಗಿ. ಮೆನುವಿನಲ್ಲಿ ಅದಕ್ಕೊಂದು ಐಕಾನ್ ಮಾಡಿಕೊಟ್ಟೆ.

ಇನ್ನೊಂದನ್ನು ನೋಡಿಕೊಳ್ಳಲೇಬೇಕಿತ್ತು. ಮುಚ್ಚಳ ಮುಚ್ಚಿದರೆ ಯಂತ್ರ ನಿದ್ರೆಗೆ ಹೋಗಲಿ ಎಂಬುದು ಜೆಸ್ಸಿಯ ಲಾಗಿನ್ ಸೇವೆಯ ಸಹಜ ನಡವಳಿಕೆ. ಚಿಪ್ಪಿಗೆ ಬರೆಯುವ ನಡುವೆ ಯಾರೋ ಮುಚ್ಚಳ ಮುಚ್ಚಿದರೆ ಚಿಪ್ ಅರ್ಧ ಬರೆದಂತಾಗುತ್ತದೆ. ಇಪ್ರಾಮ್ ಆದ್ದರಿಂದ ಮತ್ತೆ ನೇರಳಾತೀತ ಬೆಳಕಿನಡಿ ಇಟ್ಟು ಅಳಿಸಬೇಕು. ಲಾಗಿನ್‌ಡಿ ಸಂರಚನೆಯಲ್ಲಿ ಮುಚ್ಚಳದ ಸಾಲಿಗೆ ಇಗ್ನೋರ್ ಎಂದು ಬರೆದೆ. ಎಕ್ಸ್‌ಎಫ್‌ಸಿಇಯ ಪವರ್ ಮ್ಯಾನೇಜರನ್ನೂ, ಸ್ಕ್ರೀನ್‌ಸೇವರನ್ನೂ ಇದೇ ಕಾರಣಕ್ಕೆ ಹಾಕಿಲ್ಲ.

ಆಪ್ಟ್ ತಂದಿಟ್ಟುಕೊಂಡ ಡೆಬ್ ಫೈಲ್‌ಗಳನ್ನೆಲ್ಲ ಒಂದು ಯುಎಸ್‌ಬಿ ಡ್ರೈವ್‌ಗೆ ಪ್ರತಿ ಮಾಡಿಕೊಂಡು, ಕೇಬಲ್ ಕಿತ್ತೆ. ಇದೇ ಬಗೆಯ ಇನ್ನೊಂದು ಲ್ಯಾಪ್‌ಟಾಪ್ ಕಪಾಟಿನಲ್ಲಿದೆ. ಅದಕ್ಕೆ ಗಡಿಯಾರ ತಿರುಗಿಸುವ ಕೆಲಸವಿಲ್ಲ, ಸಹಿ ಪರೀಕ್ಷೆಯಾಗಿ ಬಂದ ಈ ಫೈಲ್‌ಗಳನ್ನು ಡಿಪಿಕೆಜಿ ಎಂಬ ಕಮಾಂಡ್ ಮೂಲಕ ನೇರವಾಗಿ ಹಾಕಬಹುದು. ಗ್ರಾಫಿಕ್ಸ್ ಮಾತ್ರ ಇಂಟೆಲ್‌ನದು, ಆದ್ದರಿಂದ ವಿಡಿಯೋ ಚಾಲಕ ಬೇರೆ ಬೇಕು. ಬರಿಯ ಎಕ್ಸ್ ಹಂತದಿಂದ ಅಲ್ಲಿ ಮತ್ತೆ ನೋಡಬೇಕು.